ಕ್ಯಾನ್ಸರಿಗೆ ಇಮ್ಯುನೊಥೆರಪಿ: ಮನೆಯವರು ವಹಿಸಬೇಕಾದ ಎಚ್ಚರ

ಇಳಕಲ್ಲಿನ ಒಂದು ಮನೆಯನ್ನು ನೆನೆದುಕೊಳ್ಳಿ. ಮೂವತ್ತು ವರ್ಷ ಮಗ್ಗದ ಮುಂದೆ ಕುಳಿತು ಸೀರೆ ನೇಯ್ದ ಹಿರಿಯರು. ದವಡೆಯಲ್ಲಿ ಸದಾ ಎಲೆ, ಅಡಿಕೆ, ತಂಬಾಕು. ಅಲ್ಲಿಯೇ ಹುಣ್ಣಾಯಿತು, ಮಾಯಲಿಲ್ಲ. ಕ್ಯಾನ್ಸರು ಎಂದು ಗೊತ್ತಾಯಿತು. ಶಸ್ತ್ರಕ್ರಿಯೆ, ವಿಕಿರಣ ಮುಗಿದ ಮೇಲೂ ಅದು ಮರುಕಳಿಸಿತು. ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ವೈದ್ಯರು ಇಮ್ಯುನೊಥೆರಪಿಯ ಔಷಧವನ್ನು ರಕ್ತನಾಳಕ್ಕೆ ಹನಿಹನಿಯಾಗಿ ಬಿಟ್ಟು, ಮೂರು ವಾರಕ್ಕೆ ಬನ್ನಿರೆಂದು ಊರಿಗೆ ಕಳುಹಿದರು. ಆ ಮೂರು ವಾರದ ಮಾತನ್ನೇ ಇಂದು ಆಡಬೇಕೆಂದಿದ್ದೇನೆ. ಆ ದಿನಗಳಲ್ಲಿ ರೋಗಿಯ ಮಗ್ಗುಲಲ್ಲಿ ಇರುವವರು ನೀವೇ.

ಈ ಔಷಧ ತಾನಾಗಿ ಕ್ಯಾನ್ಸರನ್ನು ಕೊಲ್ಲುವುದಿಲ್ಲ. ನಮ್ಮ ರಕ್ತದಲ್ಲಿ ರೋಗವನ್ನು ಹುಡುಕಿ ಹೊಡೆಯುವ ಟಿ ಕಣಗಳಿವೆ. ಅವು ನಮ್ಮ ಮೈಯನ್ನೇ ಹಾಯದಂತೆ ಪ್ರಕೃತಿ ಅವಕ್ಕೆ ಮೂಗುದಾರ ಹಾಕಿದೆ. ಕ್ಯಾನ್ಸರು ಕಪಟಿ, ಆ ಮೂಗುದಾರವನ್ನು ಜಗ್ಗಿ ಹಿಡಿದು ತಾನು ಬೆಳೆಯುತ್ತದೆ. ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್ ಮೊದಲಾದವು ಆ ಹಿಡಿತವನ್ನು ಬಿಡಿಸುತ್ತವೆ. ಈ ದಾರಿ ತೋರಿದ ಅಮೆರಿಕದ ಜೇಮ್ಸ್ ಅಲಿಸನ್, ಜಪಾನಿನ ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಆದರೆ ಬಿಚ್ಚಿಬಿಟ್ಟ ಹೋರಿ ಕಳೆಯನ್ನಷ್ಟೇ ತುಳಿದೀತೆಂದು ಯಾವ ರೈತ ನಂಬುತ್ತಾನೆ? ಕೆಲವರಲ್ಲಿ ಅದು ಬೆಳೆಗೂ ನುಗ್ಗುತ್ತದೆ. ಕರುಳಿಗೆ ನುಗ್ಗಿದರೆ ಭೇದಿ; ಪುಪ್ಪುಸಕ್ಕಾದರೆ ಒಣಕೆಮ್ಮು, ಏದುಸಿರು; ಯಕೃತ್ತಿಗಾದರೆ ಕಣ್ಣು ಹಳದಿ. ಥೈರಾಯ್ಡ್ ಗ್ರಂಥಿ ಕೆಟ್ಟು ವಿಪರೀತ ದಣಿವು ಬರಬಹುದು. ಅಪರೂಪಕ್ಕೆ ಒಮ್ಮೆಲೇ ಮಧುಮೇಹವೂ ಕಾಣಿಸಬಹುದು. ಔಷಧ ನಿಲ್ಲಿಸಿ ತಿಂಗಳುಗಳಾದ ಮೇಲೂ ಇವು ಬರುವುದುಂಟು.

ಬಾದಾಮಿಯ ಮನೆಯೊಂದರಲ್ಲಿ ಹೀಗೆ ಭೇದಿ ಶುರುವಾಯಿತೆನ್ನಿ. ಬನಶಂಕರಿ ಜಾತ್ರೆಯ ಊಟ ಒಗ್ಗಲಿಲ್ಲವೆಂದು ನಾವು ಅಂಗಡಿಯಿಂದ ಭೇದಿ ಕಟ್ಟುವ ಗುಳಿಗೆ ತರುತ್ತೇವೆ. ಗುಳಿಗೆ ಭೇದಿಯನ್ನು ಮರೆಮಾಡುತ್ತದೆ, ಒಳಗೆ ಕರುಳಿನ ಉರಿ ಬೆಳೆಯುತ್ತದೆ. ಕರುಳಿಗೆ ತೂತು ಬಿದ್ದು ಜೀವಕ್ಕೇ ಸಂಚಕಾರ ಬರಬಹುದು. ರೂಢಿಗಿಂತ ನಾಲ್ಕು ಸಲ ಹೆಚ್ಚು ಹೋದರೆ, ಇಲ್ಲವೆ ರಕ್ತ ಬಿದ್ದರೆ, ಬೆಳಗಾಗಲೆಂದು ಕಾಯಬೇಡಿ. ಔಷಧ ಕೊಟ್ಟ ಆಸ್ಪತ್ರೆಗೆ ಫೋನು ಮಾಡಿ. ಬೇಗ ತಿಳಿದರೆ ಸ್ಟೀರಾಯ್ಡಿನಿಂದ ಬಹುಮಟ್ಟಿಗೆ ಹಿಡಿತಕ್ಕೆ ಬರುತ್ತದೆ. ಅದನ್ನು ವಾರಗಟ್ಟಲೆ ಹಂತಹಂತವಾಗಿ ಇಳಿಸುತ್ತಾರೆ. ಗುಣವಾಯಿತೆಂದು ನೀವಾಗಿ ಬಿಡಿಸಬಾರದು.

ಹುನಗುಂದದ ತಾಲೂಕಾ ದವಾಖಾನೆಗೆ ಹೋಗಿರಿ, ಬಾಗಲಕೋಟೆಯ ಕುಮಾರೇಶ್ವರ ಆಸ್ಪತ್ರೆಗೆ ಹೋಗಿರಿ, ಬಾಯಿಬಿಟ್ಟ ಕೂಡಲೇ “ಇವರಿಗೆ ಇಮ್ಯುನೊಥೆರಪಿ ಆಗಿದೆ” ಎನ್ನಿ. ಬರೀ ಕೀಮೊ ಎಂದರೆ ವೈದ್ಯರ ವಿಚಾರ ಬೇರೆ ಕಡೆಗೆ ಹರಿಯುತ್ತದೆ. ಔಷಧದ ಹೆಸರು, ಕೊಟ್ಟ ದಿನಾಂಕ ಬರೆದ ಚೀಟಿ ರೋಗಿಯ ಕಿಸೆಯಲ್ಲಿರಲಿ.

ಖರ್ಚಿನ ಮಾತು ಬಿಡುವಂತಿಲ್ಲ. ಪೂರ್ಣ ಪ್ರಮಾಣದ ಔಷಧಕ್ಕೆ ಹೊಲ ಮಾರುವ ಪ್ರಸಂಗ ಬರುತ್ತದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ತಲೆ, ಕುತ್ತಿಗೆಯ ಬೆಳೆದ ಕ್ಯಾನ್ಸರಿಗೆ ಮಾತ್ರೆಗಳೊಡನೆ ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ ನಿವೊಲುಮ್ಯಾಬ್ ಮಾತ್ರ ಕೊಟ್ಟು ನೋಡಿದರು. 2022ರಲ್ಲಿ ಪ್ರಕಟವಾದ ಫಲಿತಾಂಶದಂತೆ, ವರ್ಷದ ಕೊನೆಗೆ ಬದುಕಿದ್ದವರು ಬರೀ ಮಾತ್ರೆ ಪಡೆದವರಲ್ಲಿ ನೂರಕ್ಕೆ 16, ಇದನ್ನೂ ಪಡೆದವರಲ್ಲಿ 43. ಇದು ತಮಗೆ ಹೊಂದುವುದೇ ಎಂದು ವೈದ್ಯರನ್ನು ಕೇಳಲು ಸಂಕೋಚ ಬೇಡ. ಪ್ರಮಾಣ ಕಡಿಮೆಯೆಂದು ಮೇಲಿನ ಎಚ್ಚರ ಮಾತ್ರ ಕಡಿಮೆಯಾಗದು.

ಪೇಟೆಯಲ್ಲಿ ರೋಗನಿರೋಧಕ ಶಕ್ತಿ ಹೆಚ್ಚಿಸುವುದೆಂದು ಮಾರುವ ಪುಡಿ, ಕಷಾಯಗಳು ಈ ಔಷಧವಲ್ಲ, ಇದರ ತಮ್ಮಂದಿರೂ ಅಲ್ಲ. ಕೆಲವು ಯಕೃತ್ತಿಗೆ ಕೇಡು ಮಾಡುತ್ತವೆ. ಆಗ ಕಣ್ಣು ಹಳದಿಯಾದದ್ದು ಯಾವುದರಿಂದ ಎಂದು ವೈದ್ಯರೂ ತಡಕಾಡಬೇಕಾಗುತ್ತದೆ.