ಮೇಲ್ವಿಚಾರಕನಿಲ್ಲದ ಪರೀಕ್ಷೆ

ಅಮೆರಿಕದ ಜಾರ್ಜಿಯಾ ಪ್ರಾಂತದ ಮೂಲಕ 1947ರಿಂದ 1969ರವರೆಗೆ ‘ಸಿಲ್ವರ್ ಕಾಮೆಟ್’ ಎಂಬ ರೈಲು ಓಡುತ್ತಿತ್ತು. ಹಳಿ ಕಿತ್ತ ಆ ಮಾರ್ಗದಲ್ಲೀಗ ಅದೇ ಹೆಸರಿನ, ನುಣುಪಾಗಿ ಹಾಸಿದ ಕಾಲುದಾರಿಯಿದೆ. ಉದ್ದ ಸುಮಾರು 99 ಕಿಲೋಮೀಟರು. ಅದನ್ನು ಏಕಾಂಗಿಯಾಗಿ, ಅತಿಶೀಘ್ರವಾಗಿ ಓಡಿ ಮುಗಿಸಬೇಕೆಂಬುದು ನನ್ನ ಮಗನ ಹಂಬಲ. ಪ್ರತಿಸ್ಪರ್ಧಿಯಿಲ್ಲ, ತೀರ್ಪುಗಾರನಿಲ್ಲ, ಕೈಗಡಿಯಾರವೊಂದೇ ಸಾಕ್ಷಿ. ಆಹಾರವನ್ನು ತಾನೇ ಹೊರಬೇಕು, ದಾರಿಯ ನಲ್ಲಿಗಳ ನೀರನ್ನಷ್ಟೇ ಕುಡಿಯಬೇಕು. ಪರರ ನೆರವು ಕೂಡದು.

ಬ್ರಷಿ ಮೌಂಟನ್ ಸುರಂಗದ ಬಳಿ ಕಾದಿದ್ದ ನಾನು, ಅವನ ಬಾಡಿದ ಮುಖ ಕಂಡು ಮಜ್ಜಿಗೆಯ ಸೀಸೆಯನ್ನು ಚಾಚಿದೆ.

‘ಬೇಡ ಅಪ್ಪಾ, ಕುಡಿದರೆ ಇದು ಏಕಾಂಗಿ ಓಟವಾಗದು.’

‘ಇಲ್ಲಿ ಯಾರು ನೋಡುತ್ತಾರೋ?’ ಎಂದೆ.

ಅವನು ನಕ್ಕು ಸುರಂಗದೊಳಕ್ಕೆ ಓಡಿದ.

30 ವರ್ಷ ಪರೀಕ್ಷಾ ಕೊಠಡಿಗಳಲ್ಲಿ ಮೇಲ್ವಿಚಾರಕನಾಗಿ ನಿಂತವನು ನಾನು. ಆ ಪ್ರಶ್ನೆ ನನ್ನ ಬಾಯಿಂದಲೇ ಬಂದುದಕ್ಕೆ ಇಂದಿಗೂ ನಾಚುತ್ತೇನೆ.