ಮನೆಯ ಪಡಸಾಲೆಯೇ ಗರಡಿ: ದಂಪತಿಗಳಿಗೆ ಸರಳ ವ್ಯಾಯಾಮ

(ವಿಶ್ವ ಜನಸಂಖ್ಯಾ ದಿನದ ಅಂಗವಾಗಿ ಬೀರೂರಿನಲ್ಲಿ ನಡೆದ ದಂಪತಿಗಳ ಸಭೆಯಲ್ಲಿ ವೈದ್ಯಾಧಿಕಾರಿಯವರು ಮಾಡಿದ ಭಾಷಣ)



ಪ್ರತಿವರ್ಷ ಜುಲೈ 11ರಂದು ನಾವು ಕುಟುಂಬ ಕಲ್ಯಾಣವನ್ನು ಕುರಿತು ಮಾತನಾಡುತ್ತೇವೆ. ಈ ವಿಷಯ ನಮ್ಮ ನಾಡಿಗೆ ಹೊಸದಲ್ಲ. 1930ರಲ್ಲಿಯೇ ಮೈಸೂರು ಸಂಸ್ಥಾನದ ಸರ್ಕಾರವು ಸಂತಾನ ನಿಯಂತ್ರಣ ಚಿಕಿತ್ಸಾಲಯಗಳಿಗೆ ಅನುಮತಿಯಿತ್ತಿತ್ತು. ಮಕ್ಕಳೆಷ್ಟಿರಬೇಕು, ಅಂತರವೆಷ್ಟಿರಬೇಕು ಎಂಬುದನ್ನು ತಾವು ಅನೇಕ ಬಾರಿ ಕೇಳಿದ್ದೀರಿ. ಆದುದರಿಂದ ಇಂದು ಮಕ್ಕಳಾದ ಮೇಲೆ ತಂದೆತಾಯಿಯರ ಶರೀರ ಹೇಗಿರಬೇಕು ಎಂಬುದನ್ನು ಕುರಿತು ನಾಲ್ಕು ಮಾತುಗಳನ್ನಾಡಬಯಸುತ್ತೇನೆ.

ಮೊದಲಿಗೆ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ಮೂವತ್ತರ ಆಸುಪಾಸಿನ ತಾಯಿಯೊಬ್ಬರು ನನ್ನಲ್ಲಿಗೆ ಬಂದಿದ್ದರು. ಎರಡು ಹೆರಿಗೆಗಳಾಗಿ, ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಯೂ ಆಗಿತ್ತು. ಹೊಟ್ಟೆ ಸಡಿಲವಾಗಿದೆ, ಸೊಂಟ ನೋಯುತ್ತದೆ, ಏನಾದರೂ ವ್ಯಾಯಾಮವಿದ್ದರೆ ತಿಳಿಸಿ ಎಂದು ಸಂಕೋಚದಿಂದಲೇ ಕೇಳಿದರು. ನಾನು ನಕ್ಕು, "ಹಗಲೆಲ್ಲ ತೋಟದಲ್ಲಿ ದುಡಿಯುತ್ತೀರಲ್ಲಮ್ಮ, ನಿಮಗೇಕೆ ಬೇರೆ ವ್ಯಾಯಾಮ?" ಎಂದು ಹೇಳಿ ಕಳುಹಿಸಿದೆ. ಮೂರು ತಿಂಗಳ ನಂತರ ಅವರನ್ನು ತಲೆಸುತ್ತು ಬಂದು ಬಿದ್ದರೆಂದು ಕರೆತಂದರು. ಹೊಟ್ಟೆ ಕರಗಲೆಂದು ರಾತ್ರಿಯೂಟವನ್ನು ಬಿಟ್ಟು, ಸೊಂಟಕ್ಕೆ ಬಟ್ಟೆಯನ್ನು ಬಿಗಿದು ಕಟ್ಟಿಕೊಂಡಿದ್ದರು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8 ಗ್ರಾಂ ಮಾತ್ರವಿತ್ತು. ಮನೆಯವರು "ಆಪರೇಷನ್ ಮಾಡಿಸಿದ್ದರಿಂದಲೇ ಹೀಗಾಯಿತು" ಎನ್ನುತ್ತಿದ್ದರು. ಅಂದು ನಾನು ಸರಿಯಾದ ಉತ್ತರವನ್ನು ಹೇಳಿದ್ದರೆ ಆ ತಾಯಿ ಬೀಳುತ್ತಿರಲಿಲ್ಲ. ಆ ಉತ್ತರವನ್ನು ಇಂದು ತಮ್ಮೆಲ್ಲರಿಗೂ ಹೇಳುತ್ತಿದ್ದೇನೆ.

ಶಸ್ತ್ರಚಿಕಿತ್ಸೆಯಿಂದ ಹೊಟ್ಟೆ ಬರುವುದಿಲ್ಲ. ಗರ್ಭದಲ್ಲಿ ಮಗು ಬೆಳೆದಂತೆ ಹೊಟ್ಟೆಯ ಮುಂಭಾಗದ ಸ್ನಾಯುಗಳು ಹಿಗ್ಗಿ, ನಡುವೆ ಅಗಲವಾಗುತ್ತವೆ. ಹೆರಿಗೆಯ ನಂತರ ಅವು ತಾವಾಗಿಯೇ ಪೂರ್ಣವಾಗಿ ಕೂಡಿಕೊಳ್ಳದೆ ಉಳಿಯುವುದುಂಟು. ಗರ್ಭಕೋಶ, ಮೂತ್ರಕೋಶಗಳನ್ನು ಕೆಳಗಿನಿಂದ ಆತುಕೊಂಡಿರುವ ಸ್ನಾಯುಗಳೂ ಸಡಿಲವಾಗುತ್ತವೆ. ಕೆಮ್ಮಿದಾಗ ಮೂತ್ರ ಜಿನುಗುವುದಕ್ಕೂ, ಮುಂದೆ ಗರ್ಭಕೋಶ ಜಾರುವುದಕ್ಕೂ ಇದು ಒಂದು ಮುಖ್ಯ ಕಾರಣ.

ಅದೇ ರೀತಿ, ಪುರುಷರ ಶಸ್ತ್ರಚಿಕಿತ್ಸೆಯಿಂದ ಶಕ್ತಿಗುಂದುತ್ತದೆ ಎಂಬುದೂ ತಪ್ಪು ಕಲ್ಪನೆ. ವ್ಯಾಸೆಕ್ಟಮಿಯಲ್ಲಿ ವೀರ್ಯಾಣುಗಳು ಸಾಗುವ ನಾಳವನ್ನು ಮಾತ್ರ ಕಟ್ಟಲಾಗುತ್ತದೆ. ಸ್ನಾಯುಗಳಿಗೆ ಬಲ ಕೊಡುವ ಹಾರ್ಮೋನು ನಾಳದಲ್ಲಿ ಹರಿಯುವುದಿಲ್ಲ, ನೇರವಾಗಿ ರಕ್ತವನ್ನು ಸೇರುತ್ತದೆ. ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಮೂವತ್ತು ನಲವತ್ತರ ನಂತರ ಗಂಡಸರಿಗೆ ಬಲ ಕುಂದಿದಂತೆ ತೋರಿದರೆ, ಬಳಸದ ಸ್ನಾಯು ಸೊರಗುತ್ತಿರುವುದು, ತಂಬಾಕು, ಮದ್ಯ, ಸಕ್ಕರೆ ಕಾಯಿಲೆ ಇವುಗಳಲ್ಲಿ ಕಾರಣವನ್ನು ಹುಡುಕಬೇಕು.

"ನಾವು ರೈತಾಪಿ ಜನ, ನಮಗೆ ವ್ಯಾಯಾಮ ಬೇಕೆ?" ಎಂದು ತಾವು ಕೇಳಬಹುದು. ಹಿಂದೆ ಬೀಸುವ ಕಲ್ಲು, ಒನಕೆ, ಬಾವಿಯ ರಾಟೆ, ನೇಗಿಲು ಇವೆಲ್ಲ ಇದ್ದವು. ಈಗ ಮಿಕ್ಸಿ, ಬೋರ್‌ವೆಲ್, ಟ್ರ್ಯಾಕ್ಟರ್, ಬೈಕು ಬಂದಿವೆ. ಇದು ಒಳ್ಳೆಯದೇ. ಆದರೆ ಉಳಿದಿರುವ ದುಡಿಮೆ ಒಂದೇ ಬಗೆಯದು. ಕಳೆ ಕೀಳುವಾಗ, ಅಡಿಕೆ ಸುಲಿಯುವಾಗ, ಕಸ ಗುಡಿಸುವಾಗ ಬೆನ್ನು ಗಂಟೆಗಟ್ಟಲೆ ಬಾಗಿಯೇ ಇರುತ್ತದೆ. ದಣಿವಾಗುತ್ತದೆಯೇ ಹೊರತು ಹೊಟ್ಟೆ, ತೊಡೆ, ಭುಜಗಳ ಸ್ನಾಯುಗಳು ಸಮವಾಗಿ ಬಲಗೊಳ್ಳುವುದಿಲ್ಲ. ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ, ಅದರೊಡನೆ ಕನಿಷ್ಠ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ವಯಸ್ಕರಿಗೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ತಿಳಿಸಿದೆ. ದುಡಿಮೆಯಿಂದ ಮೊದಲನೆಯದು ದೊರೆಯಬಹುದು. ಎರಡನೆಯದನ್ನು ನಾವೇ ಮಾಡಿಕೊಳ್ಳಬೇಕು.

ಇದಕ್ಕೆ ಯಂತ್ರವಾಗಲಿ ಹಣವಾಗಲಿ ಬೇಡ. ನಮ್ಮ ಗರಡಿಮನೆಗಳಲ್ಲಿ ದಂಡ, ಬಸ್ಕಿಗಳಿಂದಲೇ ಪೈಲ್ವಾನರು ಮೈ ಬೆಳೆಸಿದರು. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಬರೆದ ಕೆ. ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸುತ್ತಿದ್ದುದಲ್ಲದೆ, ದೂರದ ಊರಿನವರಿಗೆ ಅಂಚೆಯ ಮೂಲಕವೂ ಅಂಗಸಾಧನೆಯ ಪಾಠಗಳನ್ನು ಕಳುಹಿಸುತ್ತಿದ್ದರು. ಮನೆಯಲ್ಲಿಯೇ ಸಾಧನೆ ಸಾಧ್ಯವೆಂಬುದಕ್ಕೆ ಇದೊಂದು ನಿದರ್ಶನ. ಗರಡಿಗೆ ಹೆಂಗಸರು ಹೋಗುತ್ತಿರಲಿಲ್ಲ. ಪಡಸಾಲೆಗೆ ಆ ಕಟ್ಟಳೆಯಿಲ್ಲ.

ಈಗ ವಿಧಾನವನ್ನು ಹೇಳುತ್ತೇನೆ. ವಾರದಲ್ಲಿ ಮೂರು ದಿನ, ಸೋಮವಾರ, ಬುಧವಾರ, ಶುಕ್ರವಾರವೆಂದು ಇಟ್ಟುಕೊಳ್ಳಿ. ಪ್ರತಿದಿನ 15ರಿಂದ 20 ನಿಮಿಷ ಸಾಕು. ಊಟವಾಗಿ ಎರಡು ಗಂಟೆ ಕಳೆದಿರಲಿ. ಮೊದಲು ನಿಂತಲ್ಲಿಯೇ ಎರಡು ನಿಮಿಷ ಹೆಜ್ಜೆ ಹಾಕಿ, ತೋಳುಗಳನ್ನು ತಿರುಗಿಸಿ ಮೈ ಬೆಚ್ಚಗೆ ಮಾಡಿಕೊಳ್ಳಿರಿ.

ಒಂದನೆಯದು, ಬಸ್ಕಿ. ಜಗಲಿಗೆ ಬೆನ್ನುಮಾಡಿ, ಕಾಲುಗಳನ್ನು ಭುಜದಷ್ಟು ಅಗಲಿಸಿ ನಿಲ್ಲಿ. ಜಗಲಿಯ ಮೇಲೆ ಕೂರುವಂತೆ ನಿಧಾನವಾಗಿ ಇಳಿದು, ಕೈ ಊರದೆ ಏಳಿರಿ. ಹಿಮ್ಮಡಿ ನೆಲದಲ್ಲಿಯೇ ಇರಲಿ. ಅಭ್ಯಾಸವಾದ ಮೇಲೆ ಜಗಲಿಯ ಆಸರೆಯಿಲ್ಲದೆ ಮಾಡಬಹುದು.

ಎರಡನೆಯದು, ದಂಡ. ಮೊದಲು ನೆಲದ ಮೇಲೆ ಬೇಡ. ಗೋಡೆಯಿಂದ ಒಂದು ತೋಳು ದೂರ ನಿಂತು, ಅಂಗೈಗಳನ್ನು ಗೋಡೆಗೆ ಊರಿ, ಎದೆಯನ್ನು ಗೋಡೆಯ ಹತ್ತಿರಕ್ಕೆ ತಂದು ಹಿಂದಕ್ಕೆ ತಳ್ಳಿರಿ. ಇದು ಸುಲಭವಾದಾಗ ಜಗಲಿಯ ಅಂಚಿಗೆ, ಅನಂತರ ಮಂಡಿಯೂರಿ ನೆಲಕ್ಕೆ, ಕೊನೆಗೆ ಪೂರ್ಣ ದಂಡಕ್ಕೆ ಬನ್ನಿರಿ.

ಮೂರನೆಯದು, ಸೊಂಟ ಎತ್ತುವುದು. ಚಾಪೆಯ ಮೇಲೆ ಅಂಗಾತ ಮಲಗಿ, ಮಂಡಿಗಳನ್ನು ಮಡಿಚಿ, ಪಾದಗಳನ್ನೂರಿ ಸೊಂಟವನ್ನು ಮೇಲೆತ್ತಿ ಐದು ಎಣಿಸುವವರೆಗೆ ನಿಲ್ಲಿಸಿ ಇಳಿಸಿರಿ. ಸೊಂಟನೋವಿರುವವರಿಗೆ ಇದು ಬಹಳ ಉಪಯುಕ್ತ.

ನಾಲ್ಕನೆಯದು, ಹಲಗೆಯಂತಿರುವುದು. ಬೋರಲಾಗಿ, ಮೊಣಕೈ ಹಾಗೂ ಮಂಡಿಗಳ ಮೇಲೆ ದೇಹವನ್ನು ಎತ್ತಿ, ಬೆನ್ನು ಜೋತುಬೀಳದಂತೆ 10 ಸೆಕೆಂಡು ಇರಿ. ಉಸಿರಾಟ ನಡೆಯುತ್ತಲೇ ಇರಬೇಕು.

ಐದನೆಯದು, ಹೊರಗೆ ಕಾಣದ ವ್ಯಾಯಾಮ. ಮೂತ್ರವನ್ನು ತಡೆಯುವಾಗ ಬಿಗಿಯುವ ಸ್ನಾಯುಗಳನ್ನು ಐದು ಎಣಿಸುವವರೆಗೆ ಬಿಗಿದು, ಅಷ್ಟೇ ಹೊತ್ತು ಸಡಿಲಬಿಡಿ. ಮೂತ್ರ ಮಾಡುವಾಗ ಇದನ್ನು ಮಾಡಬಾರದು. ಹತ್ತರಂತೆ ದಿನಕ್ಕೆ ಮೂರು ಸಲ, ಪ್ರತಿದಿನವೂ ಮಾಡಬೇಕು. ಸಾರು ಕುದಿಯುವಾಗಲೂ ಮಾಡಬಹುದು. ಯಾರಿಗೂ ತಿಳಿಯುವುದಿಲ್ಲ.

ಮೊದಲ ಮೂರನ್ನು ಎಂಟೆಂಟು ಬಾರಿ, ನಾಲ್ಕನೆಯದನ್ನು ಮೂರು ಬಾರಿ ಮಾಡಿ, ಸ್ವಲ್ಪ ವಿಶ್ರಮಿಸಿ ಇನ್ನೊಂದು ಸುತ್ತು ಮಾಡಿರಿ. ಸುಲಭವೆನಿಸಿದಾಗ ವಾರಕ್ಕೆ ಒಂದೆರಡು ಹೆಚ್ಚಿಸಿರಿ. ಉಳಿದ ದಿನಗಳಲ್ಲಿ ಅರ್ಧ ಗಂಟೆ ಚುರುಕಾಗಿ ನಡೆಯಿರಿ.

ಹೊಟ್ಟೆಯ ವ್ಯಾಯಾಮದಿಂದ ಹೊಟ್ಟೆಯ ಕೊಬ್ಬು ಮಾತ್ರ ಕರಗುವುದಿಲ್ಲ. ಸ್ನಾಯು ಬಲಗೊಳ್ಳುತ್ತದೆ, ಕೊಬ್ಬು ಇಡೀ ದೇಹದಿಂದ ನಿಧಾನವಾಗಿ ಇಳಿಯುತ್ತದೆ. ದುಡಿದ ಸ್ನಾಯು ರಕ್ತದಲ್ಲಿನ ಸಕ್ಕರೆಯನ್ನು ಹೀರಿಕೊಳ್ಳುವುದರಿಂದ ಸಕ್ಕರೆ ಕಾಯಿಲೆಯೂ ದೂರವುಳಿಯಲು ನೆರವಾಗುತ್ತದೆ. ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂಟಿಮೀಟರ್, ಸ್ತ್ರೀಯರಲ್ಲಿ 80 ಸೆಂಟಿಮೀಟರ್ ಮೀರದಿರುವುದು ಒಳ್ಳೆಯದು. ದರ್ಜಿಯ ಟೇಪಿನಿಂದ ಅಳೆದುಕೊಳ್ಳಬಹುದು.

ಊಟವನ್ನು ಬಿಟ್ಟು ಮೈ ಕಟ್ಟಲಾಗದು. ನಮ್ಮ ರಾಜ್ಯದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆಯೆಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕಂಡುಬಂದಿತು. ರಕ್ತವಿಲ್ಲದ ಮೈಗೆ ವ್ಯಾಯಾಮ ಒಗ್ಗದು. ಮೊದಲು ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದಂತೆ ಕಬ್ಬಿಣಾಂಶದ ಮಾತ್ರೆ ಸೇವಿಸಿರಿ. ಮಾತ್ರೆಯೊಡನೆ ಕಾಫಿ, ಚಹಾ ಬೇಡ. ಸ್ನಾಯುವಿಗೆ ಬೇಕಾದ ಸಸಾರಜನಕ ಹುರುಳಿ, ಅವರೆ, ಕಡಲೆ, ಹೆಸರುಕಾಳು, ಮೊಟ್ಟೆ, ಮಜ್ಜಿಗೆಗಳಲ್ಲಿದೆ. 100 ಗ್ರಾಂ ಹುರುಳಿಯಲ್ಲಿ 20 ಗ್ರಾಂಗಿಂತ ಹೆಚ್ಚು ಸಸಾರಜನಕವೂ, 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣಾಂಶವೂ ಇವೆ. ಮುದ್ದೆಯೊಂದಿಗೆ ಹುರುಳಿ ಸಾರು ಹಳೆಯ ಊಟವಾದರೂ ಒಳ್ಳೆಯ ಊಟ. ಆದರೆ ಕಾಳೆಲ್ಲ ಗಂಡಸರ ತಟ್ಟೆಗೆ, ತಿಳಿಯೆಲ್ಲ ಹೆಂಗಸರ ತಟ್ಟೆಗೆ ಎಂಬ ಪದ್ಧತಿ ತಪ್ಪಬೇಕು.

ಕೆಲವು ಎಚ್ಚರಿಕೆಗಳು. ಗರ್ಭಿಣಿಯರು, ಸಿಸೇರಿಯನ್ ಆದವರು, ಹರ್ನಿಯಾ, ಹೃದ್ರೋಗ, ಅಧಿಕ ರಕ್ತದೊತ್ತಡ ಅಥವಾ ಗರ್ಭಕೋಶ ಜಾರಿರುವವರು ವೈದ್ಯರನ್ನು ಕೇಳದೆ ಆರಂಭಿಸಬಾರದು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಗಾಯ ಪೂರ್ಣ ಮಾಗಿ, ವೈದ್ಯರು ಒಪ್ಪಿದ ಮೇಲೆಯೇ ಮಾಡಬೇಕು. ಎದೆನೋವು, ತಲೆಸುತ್ತು ಕಂಡರೆ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಬನ್ನಿರಿ. ಗರ್ಭಕೋಶ ಜಾರಿದ್ದನ್ನು ನಾಚಿಕೆಯಿಂದ ಮುಚ್ಚಿಡುವ ತಾಯಂದಿರಿದ್ದಾರೆ. ಅದಕ್ಕೆ ಚಿಕಿತ್ಸೆಯಿದೆ, ದಯವಿಟ್ಟು ಮುಚ್ಚಿಡಬೇಡಿ.

ಇನ್ನು ಗಂಡಂದಿರಿಗೆ ಒಂದು ಮಾತು. ನಾನು ಹೇಳಿದ ತಾಯಿಗೆ ಮಾತ್ರೆ, ಊಟ, ವ್ಯಾಯಾಮಗಳನ್ನು ತಿಳಿಸಿದಾಗ ಅವರು, "ಎಲ್ಲ ಸರಿ ಡಾಕ್ಟ್ರೇ, ಆ ಇಪ್ಪತ್ತು ನಿಮಿಷ ಎಲ್ಲಿಂದ ತರಲಿ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಪಕ್ಕದಲ್ಲಿದ್ದ ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೆಳಿಗ್ಗೆ ಹಾಲು ಕರೆಯುವುದು, ಮಕ್ಕಳನ್ನು ಹೊರಡಿಸುವುದು ನಾನು ಮಾಡುತ್ತೇನೆ" ಎಂದರು. ಮುಂದೆ ಸಂಜೆಯ ಹೊತ್ತು ಇಬ್ಬರೂ ಜೊತೆಯಾಗಿಯೇ ಮಾಡತೊಡಗಿದರಂತೆ. ಆರು ತಿಂಗಳ ನಂತರ ಆ ತಾಯಿಯ ಹಿಮೋಗ್ಲೋಬಿನ್ 11 ಗ್ರಾಂ ದಾಟಿತ್ತು. ಹೊಟ್ಟೆ ಮದುವೆಯ ದಿನದಂತೆ ಆಗಿರಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಆದರೆ ತುಂಬಿದ ಕೊಡವನ್ನು ನೋವಿಲ್ಲದೆ ಎತ್ತುತ್ತೇನೆ ಎಂದು ಅವರು ಹೇಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಇಂದಿನಿಂದ ದಸರೆಗೆ ಸುಮಾರು ಮೂರು ತಿಂಗಳಿದೆ. ಸ್ನಾಯುವಿನಲ್ಲಿ ಬದಲಾವಣೆ ಕಾಣಲು ಎಂಟರಿಂದ ಹನ್ನೆರಡು ವಾರಗಳು ಬೇಕು. ಈ ವಾರವೇ ಆರಂಭಿಸಿದರೆ, ಮೈಲಾರಲಿಂಗಸ್ವಾಮಿಯ ಕಾರ್ಣಿಕ ಕೇಳಲು ಬೀರೂರಿಗೆ ಬರುವ ವೇಳೆಗೆ ತಮ್ಮ ನಡಿಗೆಯಲ್ಲಿಯೇ ವ್ಯತ್ಯಾಸ ಕಾಣುತ್ತದೆ. ಆಗ ಹಾಗೆಯೇ ಆಸ್ಪತ್ರೆಗೂ ಬಂದು, ರಕ್ತದೊತ್ತಡವನ್ನೂ ಸುತ್ತಳತೆಯನ್ನೂ ಪರೀಕ್ಷಿಸಿಕೊಂಡು ಹೋಗಿರಿ. ಒಬ್ಬೊಬ್ಬರೇ ಬರಬೇಡಿ, ದಂಪತಿಗಳಾಗಿ ಬನ್ನಿರಿ.