ಮುಂದೇನು ಎಂದು ತಿಳಿಯದ ಮಗು



ಮದುವೆ ಮನೆಯಲ್ಲಿ ವಾಲಗ ಜೋರಾದೊಡನೆ ಕಿವಿ ಮುಚ್ಚಿಕೊಂಡು ಚೀರುವ ಮಗುವನ್ನು ನೀವು ನೋಡಿರಬಹುದು. ‘ತಾಯಿ ಮುದ್ದು ಮಾಡಿ ಕೆಡಿಸಿದ್ದಾಳೆ’ ಎಂದು ಕೂಡಲೇ ಯಾರೋ ಅನ್ನುತ್ತಾರೆ. ಮಗುವಿಗೆ ಆಟಿಸಂ, ಅಂದರೆ ಸ್ವಲೀನತೆ ಇದ್ದರೆ, ಆ ಚೀರಾಟ ಹೆಚ್ಚಾಗಿ ಭಯದ್ದು.

ಅಮೆರಿಕದ ಮನೋವೈದ್ಯ ಲಿಯೊ ಕ್ಯಾನರ್ 1943ರಲ್ಲಿ 11 ಮಕ್ಕಳ ಬಗ್ಗೆ ಬರೆದಾಗಲೇ, ಗಟ್ಟಿ ಸದ್ದಿನ ಅಂಜಿಕೆಯನ್ನೂ ಎಲ್ಲವೂ ನಿನ್ನೆಯಂತೆಯೇ ಇರಬೇಕೆಂಬ ತವಕವನ್ನೂ ಗುರುತಿಸಿದ್ದರು. ಆಮೇಲೆ ಕೆಲವು ದಶಕ ತಾಯಿಯ ಪ್ರೀತಿಯ ಕೊರತೆಯೇ ಇದಕ್ಕೆ ಕಾರಣವೆಂದು ದೂರಿದ್ದೂ ಉಂಟು. ವಿಜ್ಞಾನ ಅದನ್ನು ತಳ್ಳಿಹಾಕಿದೆ. ನೆಂಟರಿಷ್ಟರು ಇನ್ನೂ ಬಿಟ್ಟಿಲ್ಲ!

ಭಯವಾದಾಗ ಅಡ್ರಿನಲಿನ್ ರಕ್ತಕ್ಕೆ ಸೇರಿ ಎದೆಬಡಿತ ಏರುತ್ತದೆ. ಪರೀಕ್ಷೆಯ ದಿನ ನಿಮಗೂ ಇದರ ಅನುಭವವಾಗಿರುತ್ತದೆ. ಆ ಹೊತ್ತಿನಲ್ಲಿ ಬುದ್ಧಿಮಾತು ತಲೆಗೆ ಹೋಗದು. ಆದ್ದರಿಂದ ತಿಳಿದ ತಂದೆತಾಯಿ ಮೊದಲೇ ಸಿದ್ಧತೆ ಮಾಡುತ್ತಾರೆ. ಚಪ್ಪಲಿ, ಬಸ್ಸು, ಡಾಕ್ಟರು, ಮತ್ತೆ ಮನೆ: ನಾಲ್ಕು ಚಿತ್ರಗಳನ್ನು ಸಾಲಾಗಿ ಅಂಟಿಸುತ್ತಾರೆ. ಒಂದೊಂದು ಮುಗಿದಂತೆ ಮಗುವೇ ಆ ಚಿತ್ರವನ್ನು ಕಿತ್ತಿಡುತ್ತದೆ. (ಸ್ಟುಡಿಯೋದಲ್ಲಿ ಮುಂದಿನ ದೃಶ್ಯ ಯಾವುದೆಂದು ತಿಳಿಯದಿದ್ದರೆ ದೊಡ್ಡವರಾದ ನಾವೇ ಕಂಗಾಲಾಗುತ್ತೇವೆ.)

ಹಾಗೆಂದು ಮಗುವನ್ನು ಮನೆಯಲ್ಲೇ ಇರಿಸಿಕೊಂಡರೆ ಭಯ ಬೆಳೆಯುತ್ತದೆ. ಒಮ್ಮೆಲೇ ಗದ್ದಲಕ್ಕೆ ನೂಕಿದರೂ ಬೆಳೆಯುತ್ತದೆ. ಈ ಸಲ ಛತ್ರದ ಬಾಗಿಲಲ್ಲಿ ಐದು ನಿಮಿಷ, ಮುಂದಿನ ಸಲ ಊಟದ ಪಂಕ್ತಿಯವರೆಗೆ. ಎಷ್ಟು ಸಾಕು ಎಂಬುದು ದಿನವೂ ಜೊತೆಗಿರುವವರಿಗೆ ಗೊತ್ತು. ನೋಡುವವರು ಗದರದಿದ್ದರೆ ಅವರಿಗೆ ಅದೇ ದೊಡ್ಡ ಉಪಕಾರ.

ನಿಮ್ಮ ತರಗತಿಯಲ್ಲೂ ಇಂಥ ಗೆಳೆಯನಿರಬಹುದು. ನಾಳೆ ಕ್ರೀಡಾಕೂಟವಿದ್ದರೆ, ಧ್ವನಿವರ್ಧಕ ಎಷ್ಟು ಗಂಟೆಗೆ ಶುರುವಾಗುತ್ತದೆ, ಸದ್ದಿಲ್ಲದ ಕೋಣೆ ಯಾವುದು ಎಂಬುದನ್ನು ಇಂದೇ ಅವನಿಗೆ ಹೇಳಿಬಿಡಿ.